ಮಸಿ ಮಡಕೆಯ ಸರದಿ

ಹಾಂಗ್‌ಝೌನ ಆ ಕಂಪನಿಯಲ್ಲಿ ಯಾರನ್ನೂ ಕೆಲಸದಿಂದ ತೆಗೆಯುವುದಿಲ್ಲ. ಅಲ್ಲಿ ಎಲ್ಲರೂ ‘ಪದವಿ ಪಡೆದು’ ಹೊರಬೀಳುತ್ತಾರೆ. ಮಾಲೀಕನಿಂದ ಹಿಡಿದು ನಿನ್ನೆ ಸೇರಿದವನ ತನಕ ಪರಸ್ಪರ ‘ಸಹಪಾಠಿ’ ಎಂದೇ ಕರೆಯಬೇಕು. ಬೆಳಗ್ಗೆ ಹೋದವರು ರಾತ್ರಿ ಊಟದ ಹೊತ್ತು ಮೀರಿದ ಮೇಲೆ ಬಿಡುಗಡೆಯಾಗುವ ಈ ಶಾಲೆಯಲ್ಲಿ ರಜೆ ಕೇಳಿದವರು ದಡ್ಡರು, ಮೂವತ್ತೈದು ದಾಟಿದವರು ಮುದುಕರು. ಒಂದು ಇಡೀ ವಿಭಾಗವನ್ನು ಬೀದಿಗೆ ತಳ್ಳಿದ ದಿನ ಮಾಲೀಕ ಬರೆದ ಪತ್ರದಲ್ಲಿ ‘ಸಮಾಜಕ್ಕೆ ಪ್ರತಿಭೆಗಳನ್ನು ಕಳಿಸಿಕೊಡುತ್ತಿದ್ದೇವೆ’ ಎಂಬ ಮಾತಿತ್ತು. ಬರೆದ ಕೈಗೆ ನಾಚಿಕೆಯಾಗಲಿಲ್ಲ, ಹೋಗಲಿ. ಅದನ್ನು ಓದಿ ಮೊಬೈಲಿನಲ್ಲಿ ಚಪ್ಪಾಳೆಯ ಚಿತ್ರ ಒತ್ತಿದವರಿಗೂ ಆಗಲಿಲ್ಲವಲ್ಲ.

ಒತ್ತಿದವರಲ್ಲಿ ಕುವಾಂಗ್ ಯೀನಿಂಗ್ ಕೂಡ ಒಬ್ಬಳು. ಹುನಾನ್ ಕಡೆಯವಳು, ಖಾರವಿಲ್ಲದ ಊಟವನ್ನು ಊಟವೆಂದೇ ಒಪ್ಪದವಳು, ವಯಸ್ಸು ಮೂವತ್ತೈದರ ಹೊಸ್ತಿಲಲ್ಲಿ. ಜನ ತಮಗೆ ತೋಚಿದಂತೆ ಬರೆಯುವ ವಿಳಾಸಗಳನ್ನು ಓದಿ ಪಾರ್ಸೆಲ್ ಎಲ್ಲಿಗೆ ಹೋಗಬೇಕೆಂದು ಹೇಳುವ ಪ್ರೋಗ್ರಾಂ ಅವಳ ತಂಡದ್ದು. ‘ಹಳೇ ಸೇತುವೆ ಹತ್ತಿರ, ಬಾತುಕೋಳಿ ಅಂಗಡಿ ಮಹಡಿ’ ಎಂದಷ್ಟೇ ಬರೆದವರಿಗೂ ಸಾಮಾನು ತಲುಪುತ್ತಿತ್ತು. ನವೆಂಬರಿನ ಮಹಾ ಮಾರಾಟದಲ್ಲಿ ದೇಶಕ್ಕೆ ದೇಶವೇ ಕೊಳ್ಳಲು ಮುಗಿಬಿದ್ದಾಗಲೂ ಅವಳ ಪ್ರೋಗ್ರಾಂ ಕೈಕೊಟ್ಟದ್ದಿಲ್ಲ.

ಆದರೆ ಕೈಕೊಡದಿದ್ದರೆ ಅಲ್ಲಿ ಸಾಲದು. ಆರು ತಿಂಗಳಿಗೊಮ್ಮೆ ಪ್ರತಿ ತಂಡದಲ್ಲೂ ಹತ್ತರಲ್ಲಿ ಒಬ್ಬರಿಗೆ ಕಡೆಯ ದರ್ಜೆ ಕೊಡಲೇಬೇಕು, ಅದು ಬಿದ್ದವರಿಗೆ ಬೋನಸ್ ಇಲ್ಲ. ಹತ್ತೂ ಜನ ಚೆನ್ನಾಗಿ ದುಡಿದಿದ್ದರೂ ಒಬ್ಬರು ದಂಡಪಿಂಡ ಎಂದು ಬರೆಯಲೇಬೇಕು. ಇದನ್ನು ಕಂಡುಹಿಡಿದವನು ಮನುಷ್ಯರನ್ನು ಎಂದಾದರೂ ಹತ್ತಿರದಿಂದ ನೋಡಿದ್ದನೋ ಇಲ್ಲವೋ. ತಂಡದ ಮುಖ್ಯಸ್ಥ ಪಾಂಗ್ ದೆಶು ಒಳ್ಳೆಯ ಮನುಷ್ಯ ಅನ್ನಿಸಿಕೊಂಡವನು. ಅವನೊಂದು ಉಪಾಯ ಮಾಡಿದ್ದ. ಕಡೆಯ ದರ್ಜೆಗೆ ಸರದಿ. ಈ ಸಲ ನೀನು, ಮುಂದಿನ ಸಲ ಇವನು, ಆಮೇಲೆ ಅವಳು. ಮಾಡದ ತಪ್ಪು ಹೊರುವುದಕ್ಕೆ ಆ ಕಡೆ ಇರುವ ಮಾತಿನಂತೆ ಅದಕ್ಕೆ ಅವರು ‘ಮಸಿ ಮಡಕೆ ಹೊರುವುದು’ ಎನ್ನುತ್ತಿದ್ದರು. ಹೊತ್ತವರಿಗೆ ಉಳಿದವರೆಲ್ಲ ಸೇರಿ ಒಂದು ಊಟ ಹಾಕಿಸುತ್ತಿದ್ದರು. ಬೇರೆ ತಂಡಗಳಲ್ಲಿ ಬಸುರಿಯರ ತಲೆಗೋ ಹೊಸಬರ ತಲೆಗೋ ಕಟ್ಟುತ್ತಿದ್ದ ಮಡಕೆ ಇಲ್ಲಿ ಎಲ್ಲರ ತಲೆಗೂ ಸಮನಾಗಿ ಬರುತ್ತಿತ್ತು. ಅದನ್ನು ಅವರು ನ್ಯಾಯವೆಂದುಕೊಂಡಿದ್ದರು. ಅನ್ಯಾಯವನ್ನು ಸಮನಾಗಿ ಹಂಚಿಕೊಂಡು ತೃಪ್ತರಾಗಿ ಊಟ ಮಾಡುವ ಜನರನ್ನು ಆಳುವುದು ಎಷ್ಟು ಸುಲಭ!

ಆ ವಸಂತದಲ್ಲಿ ಸರದಿ ತಂಡದ ತಾನ್ ರುಯಿ ಎಂಬ ಹುಡುಗನದು. ಒಂದು ಮಧ್ಯಾಹ್ನ ಪಾಂಗ್ ಯೀನಿಂಗಳನ್ನು ಕಚೇರಿಯ ಹಿಂದಿನ ನೂಡಲ್ಸ್ ಅಂಗಡಿಗೆ ಕರೆದೊಯ್ದ. ಉಪ್ಪಿನಲ್ಲಿ ಹಾಕಿದ ಸಾಸಿವೆ ಸೊಪ್ಪು, ಬಿದಿರ ಕಳಲೆಯ ಬಿಸಿ ಬಟ್ಟಲುಗಳು ಬಂದ ಮೇಲೆ ವಿಷಯ ತೆಗೆದ. ತಾನ್‌ನ ಹೆಂಡತಿಗೆ ಹೆರಿಗೆ ಹತ್ತಿರವಾಗಿದೆ, ಹುಡುಗ ಹೆದರಿ ಬಿಳುಚಿಕೊಂಡಿದ್ದಾನೆ, ಅವನ ಸರದಿಯನ್ನು ಈ ಸಲ ನೀನು ಹೊತ್ತುಕೊಂಡರೆ ಮುಂದಿನ ಸಲ ನಿನ್ನನ್ನು ಮೇಲಿನ ದರ್ಜೆಗೆ ಏರಿಸುವುದು ನನ್ನ ಜವಾಬ್ದಾರಿ ಎಂದ.

“ನಿನಗೇನಮ್ಮ, ಗಂಡನಾ ಮಕ್ಕಳಾ? ಒಂದು ಸಲಕ್ಕೆ ನಿನ್ನದೇನು ಹೋಗುತ್ತೆ?” ಎಂದು ನಕ್ಕ.

ಆ ಮಾತು ಚುಚ್ಚಿತು. ಆದರೂ ಅವಳು ಒಪ್ಪಿದಳು. ಒಪ್ಪಿದ್ದಷ್ಟೇ ಅಲ್ಲ, ಕಡೆಯ ದರ್ಜೆಗೆ ಕಾರಣ ಬೇಕಲ್ಲ, ತನ್ನ ತಪ್ಪುಗಳನ್ನು ತಾನೇ ಹುಟ್ಟಿಸಿ ಬರೆದುಕೊಟ್ಟಳು. ‘ಹೊಸದನ್ನು ಕಲಿಯುವ ಉತ್ಸಾಹ ಕಡಿಮೆ, ತಂಡದೊಂದಿಗೆ ಬೆರೆಯುವುದಿಲ್ಲ.’ ಅಚ್ಚುಕಟ್ಟಾಗಿ, ಉದಾಹರಣೆ ಸಮೇತ. ಕೈಗೆತ್ತಿಕೊಂಡ ಕೆಲಸವನ್ನು ಅರ್ಧಂಬರ್ಧ ಮಾಡಿ ಅಭ್ಯಾಸವಿರಲಿಲ್ಲ, ಪಾಪ.

ಬೇಸಿಗೆಯಲ್ಲಿ ಇನ್ನೊಂದು ಆಜ್ಞೆ ಬಂತು. ನಿಮಗೆ ಗೊತ್ತಿರುವುದನ್ನೆಲ್ಲ ಬಿಡಿಸಿ ಬರೆದಿಡಿ, ಕೃತಕ ಬುದ್ಧಿಮತ್ತೆ ಅದನ್ನು ಕಲಿಯುತ್ತದೆ. ಎಲ್ಲರೂ ಬರೆದರು, ಯೀನಿಂಗ್ ಎಲ್ಲರಿಗಿಂತ ಹೆಚ್ಚು ಬರೆದಳು. ಯಂತ್ರ ಕಲಿತದ್ದೆಷ್ಟೋ ಗೊತ್ತಿಲ್ಲ. ಕಂಪನಿ ಮಾತ್ರ ಕಲಿತುಬಿಟ್ಟಿತು, ಇನ್ನು ಇಷ್ಟು ಜನ ಬೇಕಾಗಿಲ್ಲ ಎಂದು. ಸೆಪ್ಟೆಂಬರಿನಲ್ಲಿ ಕಡೆಯ ದರ್ಜೆಯವರನ್ನೆಲ್ಲ ಒಬ್ಬೊಬ್ಬರನ್ನಾಗಿ ಒಳಕೋಣೆಗೆ ಕರೆಯತೊಡಗಿದರು.

ಎಚ್‌ಆರ್‌ನಿಂದ ಬಂದಿದ್ದ ಹೆಂಗಸಿಗೆ ಕಂಪನಿ ಇಟ್ಟ ಹೆಸರು ‘ಸಂಜೆಮೋಡ’. ಎಚ್‌ಆರ್‌ನವರಿಗೆಲ್ಲ ಅಂಥ ಹೆಸರುಗಳೇ. ನಿಜ ಹೆಸರಿದ್ದರೆ ನಾಚಿಕೆಯೂ ಇದ್ದೀತು. ಆಕೆ ಕುಡಿಯಲು ಬಿಸಿನೀರು ತರಿಸಿಕೊಟ್ಟಳು, ನಿಮ್ಮ ಪಯಣಕ್ಕೆ ಶುಭಾಶಯ ಎಂದಳು, ‘ವೈಯಕ್ತಿಕ ಕಾರಣಗಳಿಂದ ಸ್ವಇಚ್ಛೆಯಿಂದ ಬಿಡುತ್ತಿದ್ದೇನೆ’ ಎಂಬ ಹಾಳೆಯನ್ನು ಮುಂದಿಟ್ಟಳು. ಸಹಿ ಹಾಕಿದರೆ ಈ ದರ್ಜೆಯ ವಿಚಾರ ಇಲ್ಲಿಗೇ ಮುಚ್ಚಿಹೋಗುತ್ತದೆ. ಇಲ್ಲದಿದ್ದರೆ ಮುಂದಿನ ಕಂಪನಿಯವರು ವಿಚಾರಿಸಿದಾಗ ಇದ್ದದ್ದನ್ನು ಹೇಳಬೇಕಾಗುತ್ತದೆ.

ಯೀನಿಂಗ್ ನಡೆದದ್ದೆಲ್ಲ ಹೇಳಿದಳು. ತಾನು ಬಿಟ್ಟು ಹೋಗುತ್ತಿಲ್ಲ, ಕೆಲಸಕ್ಕೆ ಬಾರದವಳೂ ಅಲ್ಲ. ಈ ಎರಡು ಸುಳ್ಳುಗಳಲ್ಲಿ ಒಂದನ್ನೂ ಹೊತ್ತುಕೊಂಡು ಈ ಬಾಗಿಲು ದಾಟುವುದಿಲ್ಲ ಎಂದಳು. ಪಾಂಗ್‌ನನ್ನು ಕರೆಸಿದರು. ತಂಡದಲ್ಲಿ ಸರದಿ ಎಂಬುದೇನಾದರೂ ಇದೆಯೇ ಎಂದು ಸಂಜೆಮೋಡ ಕೇಳಿದಳು. ಅವನು ತನ್ನ ಚಹಾದ ಫ್ಲಾಸ್ಕಿನ ಮುಚ್ಚಳ ತಿರುಗಿಸಿದ.

“ಅಂಥದ್ದೇನೂ ಇಲ್ಲ. ದರ್ಜೆ ಅವರವರ ಕೆಲಸ ನೋಡಿ ಕೊಟ್ಟಿದ್ದು.”

“ನನ್ನ ಮುಖ ನೋಡಿ ಹೇಳಿ, ಪಾಂಗಣ್ಣ.”

ಅವನು ನೋಡಲಿಲ್ಲ. ಆಮೇಲೆ ಮೆಟ್ಟಿಲ ಹತ್ತಿರ ಸಿಕ್ಕಿ, ನಾನು ಬಾಯಿಬಿಟ್ಟಿದ್ದರೆ ಉಳಿದ ಒಂಬತ್ತು ಜನರ ದರ್ಜೆಗಳನ್ನೂ ಕೆದಕುತ್ತಿದ್ದರು, ನನ್ನ ಕುತ್ತಿಗೆಗೂ ಬರುತ್ತಿತ್ತು, ನೀನಾದರೂ ಅರ್ಥ ಮಾಡಿಕೊ ಎಂದ. ಒಂಬತ್ತು ಜನರ ಹೆಸರು ಹೇಳಿ ತನ್ನೊಬ್ಬನ ಕುತ್ತಿಗೆ ಉಳಿಸಿಕೊಳ್ಳುವವರನ್ನೇ ನಾವು ಒಳ್ಳೆಯವರು ಎನ್ನುವುದು.

ಅವಳು ತಾನ್ ರುಯಿಯ ಬಳಿ ಹೋದಳು. ನೀನೊಂದು ಮಾತು ಸಾಕ್ಷಿ ಹೇಳು ಎಂದು ಕೇಳಿದಳು. ಅವನ ಮೇಜಿನ ಮೇಲೆ ಎಳೆಯ ಮಗುವಿನ ಫೋಟೊ ಇತ್ತು.

“ಯೀನಿಂಗಕ್ಕಾ, ನನ್ನ ಬದಲು ಹೊತ್ತುಕೋ ಅಂತ ನಾನೇನು ನಿಮ್ಮನ್ನ ಕೇಳಿದ್ನಾ?”

ಕೇಳಿರಲಿಲ್ಲ, ನಿಜ.

ಅವಳು ಸಹಿ ಹಾಕಲಿಲ್ಲ. ಕಂಪನಿ ಅವಳ ಕಂಪ್ಯೂಟರಿನ ಪ್ರವೇಶ ಕಿತ್ತುಹಾಕಿತು. ಯೀನಿಂಗ್ ಎಂದಿನ ಹೊತ್ತಿಗೆ ಬಂದು ಕಪ್ಪು ಪರದೆಯ ಮುಂದೆ ಕೂತಳು. ತಂಡದವರು ಅವಳಿದ್ದ ಸಾಲು ಬಿಟ್ಟು ಸುತ್ತಿಕೊಂಡು ಓಡಾಡತೊಡಗಿದರು. ಕ್ಯಾಂಟೀನಿನಲ್ಲಿ ಅವಳು ಕೂತ ಮೇಜು ಖಾಲಿಯಾಗುತ್ತಿತ್ತು. ವಾರಗಟ್ಟಲೆ ಹೀಗೆ. ಸಿಟ್ಟು ಬಂದಾಗ ಮನೆಯಿಂದ ತಂದ ಮೆಣಸಿನಕಾಯಿ ಚಟ್ನಿಯ ಡಬ್ಬಿ ತೆರೆದು ಬರೀ ಅನ್ನಕ್ಕೆ ಕಲಸಿ ತಿನ್ನುತ್ತಿದ್ದಳು. ವಾಸನೆ ಇಡೀ ಮಹಡಿಗೆ ಹರಡುತ್ತಿತ್ತು, ಹರಡಲಿ ಎಂದೇ.

ಅಕ್ಟೋಬರಿನಲ್ಲಿ ಮತ್ತೆ ದರ್ಜೆ ಹಂಚುವ ಕಾಲ ಬಂತು. ಯೀನಿಂಗಳ ಹೆಸರು ಆಗಲೇ ಪಟ್ಟಿಯಿಂದ ಹೋಗಿತ್ತು. ಪಾಂಗ್ ತಾನ್‌ನ ಕುರ್ಚಿಯ ಹಿಂದೆ ನಿಂತು ಅವನ ಹೆಗಲ ಮೇಲೆ ಕೈಯಿಟ್ಟು ಈ ಸಲ ನಿನ್ನದು ಎಂದು ಮೆಲ್ಲಗೆ ಹೇಳಿದ. ತಾನ್ ಎದ್ದು ನಿಂತ. ಎಲ್ಲರಿಗೂ ಕೇಳುವಂತೆ ಹೇಳಿದ:

“ಸರದಿ ಅಂತ ಒಂದಿಲ್ಲ ಅಂದೋರು ನೀವೇ ಅಲ್ವಾ ಅಣ್ಣಾ? ನಾನು ಹೊರಲ್ಲ. ಕೊಡೋದಾದ್ರೆ ನನ್ನ ತಪ್ಪೇನು ಅಂತ ನೀವೇ ಬರೀರಿ.”

ಉಳಿದವರೂ ಒಬ್ಬೊಬ್ಬರಾಗಿ ಮುಖ ತಿರುಗಿಸಿದರು. ಪಾಂಗ್‌ನ ಕೈ ಗಾಳಿಯಲ್ಲೇ ಉಳಿಯಿತು.

ಯೀನಿಂಗಳಿಗೆ ಸಂತೋಷವಾಗಲಿಲ್ಲ. ಹುಡುಗನನ್ನು ಎಬ್ಬಿಸಿ ನಿಲ್ಲಿಸಿದ್ದು ಭಯ, ನ್ಯಾಯವಲ್ಲ. ಅದು ಅವಳಿಗೆ ಗೊತ್ತಿತ್ತು. ಆದರೂ ಕೇಳಿದಳು. “ಇದೇ ಮಾತನ್ನ ಒಳಗಿನ ಕೋಣೆಗೆ ಬಂದು ಹೇಳ್ತೀಯಾ?”

ತಾನ್ ಕೂತುಬಿಟ್ಟ. ಪರದೆಯ ಮೇಲೆ ಏನನ್ನೋ ಟೈಪ್ ಮಾಡತೊಡಗಿದ.

ಮರುವಾರ ಸಂಜೆಮೋಡ ಅವಳನ್ನು ಕರೆಸಿದಳು. ಈ ಸಲ ಬಿಸಿನೀರು ಬರಲಿಲ್ಲ, ‘ಸಹಪಾಠಿ’ ಎಂಬ ಮಾತೂ ಬರಲಿಲ್ಲ. ಕೊಟ್ಟಿದ್ದು ಒಂದು ಹಾಳೆ ಮಾತ್ರ. ಕೆಲಸದ ಹೊತ್ತಿನಲ್ಲಿ ಯಾವ ಕೆಲಸವನ್ನೂ ಮಾಡದೆ ಕೂತಿದ್ದ ಕಾರಣಕ್ಕೆ ನಿಮ್ಮನ್ನು ಕೆಲಸದಿಂದ ತೆಗೆದುಹಾಕಲಾಗಿದೆ ಎಂದು ಅದರಲ್ಲಿತ್ತು. ಕಂಪ್ಯೂಟರ್ ಕಿತ್ತುಕೊಂಡವರೇ ಬರೆದ ಮಾತು.

ಯೀನಿಂಗ್ ಹಾಳೆಯನ್ನು ಓದಿ, ‘ತೆಗೆದುಹಾಕಲಾಗಿದೆ’ ಎಂಬಲ್ಲಿ ಬೆರಳಿಟ್ಟಳು.

“ಇದೊಂದು ನಿಜ ಬರೆದಿದ್ದೀರಿ,” ಎಂದಳು. “ಮೊಹರು ಹಾಕಿಕೊಡಿ.”

ಮೊಹರು ಬಿದ್ದ ಹಾಳೆಯನ್ನು ಮಡಚದೆ ಕೈಯಲ್ಲಿ ಹಿಡಿದು, ಲಿಫ್ಟಿನಲ್ಲಿ ತುಂಬಿ ನಿಂತಿದ್ದ ಸಹಪಾಠಿಗಳೆಲ್ಲರ ಕಣ್ಣಿಗೂ ಬೀಳುವಂತೆ, ಅವಳು ಕಾರ್ಮಿಕರ ವ್ಯಾಜ್ಯ ಕಚೇರಿಯ ಕಡೆ ಹೊರಟಳು.