ಕರೆಯಲು ಹೋಗದ ಪಂಚಮಿ

ಈ ಸಲದ ಪಂಚಮಿಗೆ ಅಕ್ಕನನ್ನು ಕರೆತರಲು ನಾನು ಹೋಗಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಆಮೇಲೆ ಹೇಳೋಣ ಎಂದು ಇಟ್ಟುಕೊಂಡರೆ, ಬೀಸುಕಲ್ಲು, ಎಮ್ಮೆ, ಬಸ್ಸು ಎಂದು ಸುತ್ತಾಡಿ, ಕಡೆಗೆ ಅದೊಂದನ್ನು ಹೇಳದೆಯೇ ಎದ್ದುಹೋಗುವ ಆಸಾಮಿ ನಾನು.

ನಮ್ಮ ಕಡೆ ಮದುವೆಯಾದ ಹೆಣ್ಣುಮಗಳು ಪಂಚಮಿಗೆ ತವರಿಗೆ ಬರುತ್ತಾಳೆ. ಬರುತ್ತಾಳೆ ಎಂದರೆ ತಾನಾಗಿ ಬರುವುದಲ್ಲ. ಅಣ್ಣನೋ ತಮ್ಮನೋ ಅವಳ ಗಂಡನ ಮನೆಗೆ ಹೋಗಬೇಕು. ಕೈಯಲ್ಲಿ ಒಂದು ಕುಬಸದ ಬಟ್ಟೆ, ಅಂದರೆ ರವಿಕೆ ಕಣ, ಇರಬೇಕು. ಅವಳ ಅತ್ತೆಯ ಮುಂದೆ ಕೂತು ಚಹಾ ಕುಡಿದು, ‘ಅಕ್ಕನ್ನ ಕಳಸ್ರಿ’ ಎಂದು ಕೇಳಬೇಕು. ಅತ್ತೆಯಾದವಳು ‘ಇಲ್ಲಿ ಕೆಲಸ ಯಾರ್ ಮಾಡ್ಬೇಕು’ ಎಂದು ಸ್ವಲ್ಪ ಮುಖ ಬಿಗಿದು, ಆಮೇಲೆ ಕಳಿಸಬೇಕು. ಎಲ್ಲರಿಗೂ ತಂತಮ್ಮ ಮಾತು ಬಾಯಿಪಾಠವಾಗಿರುವ ಬಯಲಾಟ ಇದ್ದ ಹಾಗೆ. ನಮ್ಮೂರು ಕೊಹಿನೂರ, ಅಕ್ಕನನ್ನು ಕೊಟ್ಟದ್ದು ನಿರ್ಣಾಕ್ಕೆ. ಅಪ್ಪ ತೀರಿಕೊಂಡ ಮೇಲೆ ವರ್ಷವರ್ಷವೂ ಈ ಆಟದ ವೇಷ ನನ್ನದೇ.

ಈ ವರ್ಷ ವೇಷ ಕಟ್ಟಲಿಲ್ಲ, ಫೋನ್ ಮಾಡಿದೆ. “ಅಕ್ಕಾ, ನನಗ ಜರಾ ಕೆಲಸ ಅದ. ಹೆಣ್ಮಕ್ಕಳಿಗಿ ಬಸ್ ಹ್ಯಾಂಗೂ ಫುಕಟ್ ಅದ, ನೀನೇ ಬಂದಬಿಡು” ಎಂದೆ. ಆ ಕಡೆಯಿಂದ ಸ್ವಲ್ಪ ಹೊತ್ತು ಸದ್ದಿಲ್ಲ. ಸಿಗ್ನಲ್ ಹೋಯಿತೇನೋ ಎಂದು ‘ಹಲೋ ಹಲೋ’ ಎಂದು ಕೂಗಿದೆ. “ನೋಡ್ತೀನಪಾ” ಎಂದಳು. ಸಿಗ್ನಲ್ ಚೆನ್ನಾಗಿಯೇ ಇತ್ತು.

ಆ ‘ಜರಾ ಕೆಲಸ’ದ ಹೆಸರು ಮಾರ್ತಾ. ಪೋಲೆಂಡ್ ದೇಶದ ಹುಡುಗಿ, ಅಲ್ಲಿಯ ಕಾಲೇಜಿನಲ್ಲಿ ಓದುತ್ತಾಳೆ. ದೂರದ ಹಳ್ಳಿಗಳಲ್ಲಿ ಜನ ಹೇಗೆ ಬದುಕುತ್ತಾರೆ ಎಂದು ಅವರ ಜೊತೆಗಿದ್ದು ನೋಡುವುದೇ ಅವಳ ಓದಂತೆ. ಏಳನೆಯ ತರಗತಿಗೆ ಶಾಲೆ ಬಿಟ್ಟವನು ನಾನು. ಬದುಕುವುದನ್ನು ನೋಡುವುದೂ ಒಂದು ಓದು ಎಂದು ಆಗ ಯಾರಾದರೂ ಹೇಳಿದ್ದರೆ ಮುಂದುವರಿಸುತ್ತಿದ್ದೆನೋ ಏನೋ. ಹುಮನಾಬಾದಿನಲ್ಲಿರುವ ನಮ್ಮ ನೆಂಟ ಮೇಷ್ಟ್ರೊಬ್ಬರು ಮುಂಗಾರಿನ ಬಿತ್ತನೆ ಮುಗಿದ ಹೊತ್ತಿಗೆ ಅವಳನ್ನು ಕರೆತಂದು, ನಮ್ಮ ಮನೆಯಲ್ಲಿ ಬಿಟ್ಟುಹೋದರು. ಅವಳು ತನ್ನ ದೇಶದಲ್ಲೇ ಹಿಂದಿ ಕಲಿತಿದ್ದಳು. ಅವಳದು ಪುಸ್ತಕದ ಹಿಂದಿ, ನಮ್ಮದು ಸಂತೆಯ ಹಿಂದಿ. ಎರಡೂ ಎದುರುಬದುರು ಬಂದಾಗ ಒಂದಕ್ಕೊಂದು ದಾರಿ ಬಿಟ್ಟುಕೊಟ್ಟು ಹೋಗುತ್ತಿದ್ದವು.

ಮಾರ್ತಾಳಿಗೆ ಒಂದು ಅಭ್ಯಾಸ. ಎಲ್ಲದಕ್ಕೂ ‘ಮಾಫ್ ಕೀಜಿಯೇ’ ಎನ್ನುವುದು. ನೀರಿನ ತಂಬಿಗೆ ಉರುಳಿದರೆ ಮಾಫಿ, ಸೀನಿದರೆ ಮಾಫಿ. ಒಂದು ಬೆಳಿಗ್ಗೆ ಕೊಟ್ಟಿಗೆಯಲ್ಲಿ ಎಮ್ಮೆಯ ಬಾಲ ತುಳಿದಳು. ಎಮ್ಮೆ ತಿರುಗಿ ನೋಡಿತು. ಮಾರ್ತಾ ಅದರ ಮುಖದ ಹತ್ತಿರ ಬಗ್ಗಿ, ಬಹಳ ಮರ್ಯಾದೆಯಿಂದ ‘ಮಾಫ್ ಕೀಜಿಯೇ’ ಎಂದಳು. ಹಾಲು ಹಿಂಡುತ್ತಿದ್ದ ನನ್ನ ಹೆಂಡತಿ ಕಸ್ತೂರಿ ನಕ್ಕು ನಕ್ಕು ಚೆಂಬನ್ನೇ ಓರೆ ಮಾಡಿಕೊಂಡಳು.

“ನೋಡ್ರಿ, ಎಮ್ಮಿಗಿ ಮಾಫಿ ಕೇಳಾಕತ್ತಾಳ. ನೀವು ನನಗ ಒಮ್ಮ್ಯಾರ ಕೇಳೀರೇನು?”

“ನಿನ್ನ ಬಾಲ ನಾ ಯಾವಾಗ ತುಳದೀನಿ?” ಎಂದೆ. ಆ ದಿನ ಚಹಾಕ್ಕೆ ಸಕ್ಕರೆ ಬೀಳಲಿಲ್ಲ.

ಆದರೆ ಕಸ್ತೂರಿ ಕೇಳಿದ್ದು ತಲೆಯಲ್ಲಿ ಉಳಿಯಿತು. ನಮ್ಮ ಮನೆಗಳಲ್ಲಿ ಈ ಮಾತನ್ನು ಯಾರೂ ಬಾಯಿಬಿಟ್ಟು ಆಡುವುದಿಲ್ಲ. ಅಪ್ಪ ಅವ್ವನ ಮೇಲೆ ರೇಗಿದರೆ ಮರುದಿನ ಬಸವಕಲ್ಯಾಣದ ಸಂತೆಯಿಂದ ಬಾಳೆಹಣ್ಣು ಬರುತ್ತಿದ್ದವು. ಅವ್ವ ಅವನ್ನು ತೆಗೆದುಕೊಂಡು ಒಳಗೆ ಹೋದರೆ ಜಗಳ ಮುಗಿಯಿತು ಎಂದು ಅರ್ಥ. ಹೀಗೆ ಬಾಳೆಹಣ್ಣಿನ ಭಾಷೆಯಲ್ಲಿ ಬೆಳೆದವನು ನಾನು. ಹಣ್ಣಿಗೂ ತೀರದ ತಪ್ಪು ಮಾಡಿದಾಗ ಏನು ಮಾಡಬೇಕು ಎಂದು ಯಾರೂ ಕಲಿಸಿರಲಿಲ್ಲ.

ನನ್ನ ಕಸುಬು ಹಿಟ್ಟಿನ ಗಿರಣಿ. ಊರಿನ ಜೋಳವೆಲ್ಲ ನನ್ನ ಕೈಯಲ್ಲಿ ಹಿಟ್ಟಾಗುತ್ತದೆ. ಮಾರ್ತಾ ಬಂದ ಮರುವಾರ ನಾನು ಅಟ್ಟ ಹತ್ತಿ, ಅಜ್ಜಿಯ ಕಾಲದ ಬೀಸುಕಲ್ಲನ್ನು ಕೆಳಗಿಳಿಸಿದೆ. ಜೇಡರ ಬಲೆ ಒರೆಸಿ, ಪಡಸಾಲೆಯಲ್ಲಿಟ್ಟು, “ನಾವು ಹೀಗೆ ಬೀಸುತ್ತೇವೆ” ಎಂದೆ. ಪಕ್ಕದಲ್ಲೇ ಗಿರಣಿಯ ಬೆಲ್ಟು ಪಟಪಟ ಎನ್ನುತ್ತಿತ್ತು. ಮಾರ್ತಾ ಒಮ್ಮೆ ಕಲ್ಲನ್ನು ನೋಡಿದಳು, ಒಮ್ಮೆ ನನ್ನ ಹುಬ್ಬಿನ ಮೇಲೆ ಕೂತಿದ್ದ ಹಿಟ್ಟನ್ನು ನೋಡಿದಳು. ಕಲ್ಲಿನ ಮುಂದೆ ಕೂತು, ಕೈ ಬೊಬ್ಬೆ ಬರುವವರೆಗೆ ಬೀಸಿದಳು.

ಅಲ್ಲಿಂದ ನಾನು ಕೆಟ್ಟೆ. ಯಾರಾದರೂ ನಮ್ಮನ್ನು ನೋಡುತ್ತಿದ್ದಾರೆ ಎಂದು ತಿಳಿದ ಕೂಡಲೇ ನಾವು ನಾವಾಗಿರುವುದನ್ನು ಬಿಟ್ಟು, ನಮ್ಮ ಅಜ್ಜ ಅಜ್ಜಿಯಾಗಲು ಹೊರಡುತ್ತೇವೆ. ಗ್ಯಾಸಿನ ಒಲೆಗೆ ಮುಸುಕು ಹಾಕಿಸಿದೆ, ಕಟ್ಟಿಗೆ ಒಲೆ ಹಚ್ಚಿಸಿದೆ. ಹೊಗೆಯಲ್ಲಿ ಕಣ್ಣೊರೆಸಿಕೊಳ್ಳುತ್ತಾ ಕಸ್ತೂರಿ, “ಆಕಿ ನೋಡಾಕ ಬಂದಾಳ, ನಾ ಅಳಾಕ ಬಂದೀನಿ” ಎಂದಳು. ನನಗೆ ಯಾವುದೂ ಕಿವಿಗೆ ಬೀಳುತ್ತಿರಲಿಲ್ಲ. ಊರಲ್ಲಿ ಕಂಡವರೆಲ್ಲ ‘ಏನ್ ಗೈಡ್ ಸಾಹೇಬ್ರ’ ಎಂದು ಕರೆಯುತ್ತಿದ್ದರು. ಅದರಲ್ಲಿದ್ದ ಕುಹಕ ತಿಳಿಯದೆ ಹಿಗ್ಗಿದೆ.

ಇದರ ನಡುವೆ ಪಂಚಮಿ ಬಂತು. ಬೇವಿನ ಮರಕ್ಕೆ ಹೊಸ ಹಗ್ಗದ ಜೋಕಾಲಿ ಕಟ್ಟಿದೆ. ಜೋಳದ ಅರಳು, ಶೇಂಗಾದ ಉಂಡಿ, ಎಳ್ಳಿನ ಉಂಡಿ ಆದವು. ಉಂಡಿ ಕಟ್ಟಲು ಮಾರ್ತಾಳೂ ಕೂತಳು. ಅವಳು ಕಟ್ಟಿದವು ಒಂದೂ ದುಂಡಗಿರಲಿಲ್ಲ. ಅವಳಿಗೆ ಸೀರೆ ಉಡಿಸಬೇಕು ಎನ್ನುವ ಹುರುಪೂ ನನ್ನದೇ. ಕಸ್ತೂರಿ ತನ್ನದೊಂದನ್ನು ಕೊಡಲು ಹೋದಳು. ‘ಹೊಸ ಕಾಲದ್ದು ಬ್ಯಾಡ’ ಎಂದು ನಾನು ಟ್ರಂಕಿನಿಂದ ಅಕ್ಕನ ಹಸಿರು ಸೀರೆ ತೆಗೆದೆ. ಅಕ್ಕ ಅದನ್ನು ತವರಿನಲ್ಲೇ ಇಟ್ಟಿದ್ದಳು. ಪಂಚಮಿಗೆ ಬಂದಾಗ ಅದನ್ನುಟ್ಟೇ ಜೋಕಾಲಿ ಆಡುತ್ತಿದ್ದಳು. ಹಸಿರು ಸೀರೆಯಲ್ಲಿ ಮಾರ್ತಾ ಜೋಕಾಲಿ ಜೀಕುವ ಫೋಟೋ ಹೊಡೆದು, ‘ನಮ್ಮ ಹಳ್ಳಿಯ ಪಂಚಮಿ’ ಎಂದು ಸ್ಟೇಟಸ್ ಹಾಕಿಕೊಂಡೆ.

ಸಂಜೆ ಕಟ್ಟೆಯ ಮೇಲೆ ಕೂತು ಅವಳಿಗೆ ಹಬ್ಬದ ಅರ್ಥ ಬಿಡಿಸಿ ಹೇಳಿದೆ. ಕೀರ್ತನೆ, ಪ್ರವಚನ ಕೇಳಿ ಬೆಳೆದ ನಾಲಿಗೆ, ಒಮ್ಮೆ ಹೊರಟರೆ ನಿಲ್ಲುವುದಿಲ್ಲ. ಹೆಣ್ಣುಮಕ್ಕಳು ನಾಗಪ್ಪನಿಗೆ ಹಾಲೆರೆಯುವಾಗ ಮನೆಯ ಒಬ್ಬೊಬ್ಬರ ಹೆಸರಿನಲ್ಲೂ ಒಂದೊಂದು ಪಾಲು ಎರೆಯುತ್ತಾರೆ, ಅಪ್ಪನ ಪಾಲು, ಅವ್ವನ ಪಾಲು, ತಮ್ಮನ ಪಾಲು ಎಂದು. ಅಕ್ಕನ ಕೈಯ ಹಾಲು ಬಿದ್ದರೆ ತಮ್ಮನಿಗೆ ವರ್ಷವಿಡೀ ವಿಷ ತಾಗುವುದಿಲ್ಲ. ಅದಕ್ಕೇ ತಮ್ಮನಾದವನು ಎಷ್ಟೇ ಕೆಲಸವಿದ್ದರೂ ತಾನೇ ಹೋಗಿ ಅಕ್ಕನನ್ನು ಕರೆತರಬೇಕು, ಇದು ನಮ್ಮ ಪದ್ಧತಿ ಎಂದೆ. ‘ತಾನೇ’ ಎನ್ನುವಲ್ಲಿ ಎದೆ ಮುಟ್ಟಿಕೊಂಡೆ ಬೇರೆ.

ಮಾರ್ತಾ ಕಣ್ಣರಳಿಸಿ ಕೇಳಿದಳು. ಆಮೇಲೆ ಬಹಳ ಸಹಜವಾಗಿ, “ನಿಮ್ಮ ಅಕ್ಕ ಎಲ್ಲಿ?” ಎಂದಳು.

ಆ ಪ್ರಶ್ನೆಯಲ್ಲಿ ಚುಚ್ಚುವ ಉದ್ದೇಶ ಒಂದಿಷ್ಟೂ ಇರಲಿಲ್ಲ. ಅದಕ್ಕೇ ಅಷ್ಟು ಆಳಕ್ಕೆ ಇಳಿಯಿತು. ಕಸ್ತೂರಿ ಬಾಗಿಲಲ್ಲಿ ನಿಂತು ನನ್ನ ಮುಖವನ್ನೇ ನೋಡುತ್ತಿದ್ದಳು. “ನಾಳೆ ಬರುತ್ತಾಳೆ” ಎಂದುಬಿಟ್ಟೆ.

ಮರುದಿನ ಮಾರ್ತಾ ತಾನು ಕಟ್ಟಿದ ಉಂಡಿಗಳಲ್ಲಿ ಚೆನ್ನಾಗಿದ್ದವನ್ನು ಆರಿಸಿ ಡಬ್ಬಿಯಲ್ಲಿಟ್ಟಳು. ಸೀರೆಯನ್ನು ಒಗೆದು ಮಡಿಸಿಟ್ಟಳು. ಅದು ಯಾರದೆಂದು ಕಸ್ತೂರಿ ಹೇಳಿದ್ದಳಂತೆ. ಹುಮನಾಬಾದಿನ ಕಡೆಯಿಂದ ಬಸ್ಸು ಬಂದಾಗಲೆಲ್ಲ ಎದ್ದು ಹೋಗಿ ನೋಡಿ ಬರುತ್ತಿದ್ದಳು. ಹುಡುಗಿಯರು ಕರೆದರೂ ಜೋಕಾಲಿ ಹತ್ತಲಿಲ್ಲ, ‘ಅಕ್ಕ ಮೊದಲು’ ಎಂದಳಂತೆ. ಅವಳು ಒಮ್ಮೆಯೂ ಕಾಣದ ನನ್ನ ಅಕ್ಕನಿಗೆ ಕಾಯುತ್ತಿದ್ದಳು. ನಾನು ಗಿರಣಿಯಲ್ಲಿ ಯಾರದೋ ಗೋಧಿಯನ್ನು ಜೋಳದ ಹಿಟ್ಟಿನ ಮೇಲೆ ಸುರಿದು ಬೈಸಿಕೊಳ್ಳುತ್ತಿದ್ದೆ.

ಸಂಜೆಗೆ ಸುಳ್ಳು ಹೊರಲಾಗದೆ ಅವಳಿಗೆ ನಿಜ ಹೇಳಿದೆ. ಫೋನು, ಫುಕಟ್ ಬಸ್ಸು, ಎಲ್ಲ. ಅವಳು ಬೈಯಲಿಲ್ಲ. “ನನಗೂ ಒಬ್ಬ ತಮ್ಮನಿದ್ದಾನೆ” ಎಂದಳು. “ಹುಟ್ಟುಹಬ್ಬಕ್ಕೆ ಫೋನಿನಲ್ಲಿ ಕೇಕಿನ ಚಿತ್ರ ಕಳಿಸುತ್ತಾನೆ. ನಾನು ನಗುವ ಮುಖದ ಚಿತ್ರ ಕಳಿಸುತ್ತೇನೆ. ಅಷ್ಟಕ್ಕೇ ಮುಗಿಯುತ್ತದೆ. ನಿನ್ನೆ ನೀವು ಹೇಳಿದ್ದು ಕೇಳಿ, ಇಲ್ಲಿ ಹಾಗಲ್ಲ ಎಂದು ಬಹಳ ಸಂತೋಷಪಟ್ಟಿದ್ದೆ.”

ಅಷ್ಟು ದೂರದಿಂದ ಬಂದವಳಿಗೆ ನಾನು ಅಟ್ಟದ ಕಲ್ಲು ತೋರಿಸಿದೆ, ಹೊಗೆ ತೋರಿಸಿದೆ. ತೋರಿಸಲು ನಿಜವಾಗಿ ಇದ್ದದ್ದು ಒಂದೇ. ಅದನ್ನು ಮಾತಿನಲ್ಲಿ ಹೇಳಿ ಮುಗಿಸಿದ್ದೆ.

ಬೆಳಗಾದ ಮೇಲೆ ನಿರ್ಣಾಕ್ಕೆ ಹೊರಟೆ. “ಮಾರ್ತಾನೂ ಬರಲಿ, ಆ ಊರೂ ನೋಡ್ದಂಗ ಆಗ್ತದ” ಎಂದು ಕಸ್ತೂರಿಯ ಹತ್ತಿರ ಮೆಲ್ಲಗೆ ಹೇಳಿದೆ.

“ಆಕಿ ಯಾಕ? ಅಕ್ಕಾರು ಬೈದ್ರ ಢಾಲು ಬೇಕಾಗ್ಯಾದೇನು? ಸುಮ್ನ ಒಬ್ಬರೇ ಹೋಗ್ರಿ.”

ಮಾರ್ತಾ ಉಂಡಿಯ ಡಬ್ಬಿ ಕೈಗಿಟ್ಟಳು. ಹುಮನಾಬಾದಿನಲ್ಲಿ ಇಳಿದು, ಪ್ರತಿ ವರ್ಷ ಹೋಗುವ ಬಟ್ಟೆ ಅಂಗಡಿಗೆ ಹೋದೆ. ಅಂಗಡಿಯ ರಶೀದ್ ಕಾಕಾ ಕನ್ನಡಕದ ಮೇಲಿನಿಂದ ನೋಡಿದರು.

“ಕುಬಸದ ಬಟ್ಟಿ ಏನು? ಪಂಚಮಿ ಮುಗದು ಹೋತಲ್ಲೋ ತಮ್ಮಾ.”

“ಈ ಸಲ ಜರಾ ಲೇಟ್ ಆತ್ರಿ, ಕಾಕಾ.”

“ಲೇಟ್ ಆದವ್ರಿಗಿ ಛಲೋದೇ ಬೇಕಾಗ್ತದ” ಎಂದು, ಮುಂದೆ ಹರಡಿದ್ದನ್ನು ಸರಿಸಿ ಒಳಗಿನ ಗಂಟು ಬಿಚ್ಚಿದರು. ಚೌಕಾಸಿ ಮಾಡದೆ ಹಸಿರಿನದನ್ನೇ ಆರಿಸಿಕೊಂಡೆ. ಅಭ್ಯಾಸಬಲದಿಂದ ಬಾಳೆಹಣ್ಣನ್ನೂ ಕೊಂಡೆ.

ನಿರ್ಣಾದ ಬಸ್ಸಿನ ತುಂಬ ತವರಿನಿಂದ ಮರಳುತ್ತಿದ್ದ ಹೆಣ್ಣುಮಕ್ಕಳು. ಮಡಿಲಲ್ಲಿ ಉಂಡಿಯ ಗಂಟು, ಕೈಯಲ್ಲಿ ಹೊಸ ಬಳೆ. ಅವರ ನಡುವೆ ಉಂಡಿಯ ಡಬ್ಬಿ ಹಿಡಿದು ಎದುರು ದಿಕ್ಕಿನ ಕೆಲಸಕ್ಕೆ ಹೊರಟವನು ನಾನೊಬ್ಬನೇ. ದಾರಿಯುದ್ದಕ್ಕೂ ಆಡಬೇಕಾದ ಮಾತನ್ನು ಜೋಡಿಸಿಕೊಂಡೆ. ಮೊದಲು ಗಿರಣಿ ಕೆಟ್ಟಿತ್ತು ಎನ್ನೋಣ ಅನ್ನಿಸಿತು. ಆಮೇಲೆ ಜ್ವರ ಬಂದಿತ್ತು ಎನ್ನೋಣ. ಊರು ಹತ್ತಿರವಾದಂತೆ ಒಂದೊಂದೇ ಸುಳ್ಳು ದಾರಿಯಲ್ಲಿ ಇಳಿದುಹೋಯಿತು.

ಅಕ್ಕ ಪಡಸಾಲೆಯಲ್ಲಿ ಹೆಸರುಕಾಯಿ ಬಿಡಿಸುತ್ತಿದ್ದಳು. ನನ್ನನ್ನು ನೋಡಿ ಏಳಲಿಲ್ಲ. “ಬಾ, ಕೂಡು. ಚಹಾ ಕುಡೀತಿ?” ಎಂದು ಬೇರೆ ಯಾರಿಗೋ ಕೇಳಿದ ಹಾಗೆ ಕೇಳಿದಳು. ನಾನು ಡಬ್ಬಿ, ಕುಬಸದ ಬಟ್ಟೆ, ಬಾಳೆಹಣ್ಣು ಸಾಲಾಗಿ ಇಟ್ಟೆ. ಅವಳು ಯಾವುದನ್ನೂ ಮುಟ್ಟಲಿಲ್ಲ.

“ಆ ಹುಡುಗಿ ಹ್ಯಾಂಗದಾಳ?”

“ಛಲೋ ಅದಾಳ. ಈ ಉಂಡಿ ಆಕಿನೇ ಕಟ್ಯಾಳ, ನಿನಗಂತ.”

ಅಕ್ಕ ಡಬ್ಬಿ ತೆರೆದು, ಒಂದು ಉಂಡಿಯನ್ನು ಬೆಳಕಿಗೆ ಹಿಡಿದು ನೋಡಿದಳು, ಕಚ್ಚಿದಳು. “ಬೆಲ್ಲ ಕಮ್ಮಿ ಆಗ್ಯಾದ” ಎಂದಳು. ಉಳಿದದ್ದನ್ನು ಡಬ್ಬಿಯ ಮುಚ್ಚಳದ ಮೇಲಿಟ್ಟು, “ನನ್ನ ಹಸರ ಸೀರಿ ಆಕಿಗೆ ಒಪ್ಪತದ. ಫೋನಿನ್ಯಾಗ ನೋಡಿದೆ” ಎಂದಳು.

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು.

ಅಷ್ಟರಲ್ಲಿ ಅಕ್ಕನ ಅತ್ತೆ ಗೋಡೆ ಹಿಡಿದುಕೊಂಡು ಹೊರಗೆ ಬಂದರು. ವರ್ಷವರ್ಷವೂ ಮುಖ ಬಿಗಿಯುವ ಮುದುಕಿ. ನಾನು ನನ್ನ ಮಾತು ಆಡುವ ಮೊದಲೇ ಅವರು ಆಟದ ಮಾತು ಬಿಟ್ಟು ಬೇರೆಯೇ ಹೇಳಿದರು.

“ಈಗ ಬಂದೇನಪಾ? ಪಂಚಮಿ ದಿನ ನಾನೇ ಅಂದೆ, ಬಸ್ ಫುಕಟ್ ಅದ, ಹೋಗಿ ಬಾ ಅಂತ. ತವರಿಗಿ ಹೋಗಾಕ ಬಸ್ ಬೇಕಾಗಿಲ್ರಿ ಅತ್ತಿ, ಕರಿಯವ್ರು ಬೇಕು ಅಂದಳು. ಆಮ್ಯಾಲ ಹೋಗಿ ಹಾಲೆರದು ಬಂದಳು. ಮೊದಲನೇ ಪಾಲು ನಿಂದೇ ಎರದಾಳ. ನಾ ಬಾಜೂಕ ನಿಂತಿದ್ದೆ.”

“ಅತ್ತಿ, ಅದೆಲ್ಲ ಯಾಕ್ರಿ ಈಗ” ಎಂದು ಅಕ್ಕ ತಲೆ ತಗ್ಗಿಸಿದಳು. ಹೆಸರುಕಾಯಿ ಬಿಡಿಸುವ ಕೈ ಜೋರಾಯಿತು. ಕಾಳು ಒಂದು ಕಡೆ, ಸಿಪ್ಪೆ ಒಂದು ಕಡೆ ಬೀಳುವುದು ಬಿಟ್ಟು ಎಲ್ಲ ಒಂದೇ ಕಡೆ ಬೀಳತೊಡಗಿದವು.

ನಾನು ನಮ್ಮ ಮನೆಯ ಕಟ್ಟೆಯ ಮೇಲೆ ಕೂತು ಆ ಹಾಲಿನ ಅರ್ಥ ಹೇಳುತ್ತಿದ್ದ ದಿನವೇ, ಇಲ್ಲಿ ಅಕ್ಕ ನನ್ನ ಹೆಸರು ಹೇಳಿ ಹಾಲೆರೆದಿದ್ದಳು. ಕರೆಯಲು ಬಾರದ ತಮ್ಮನಿಗೂ ವಿಷ ತಾಗದಿರಲಿ ಎಂದು.

ಬಾಳೆಹಣ್ಣು ಇಟ್ಟಲ್ಲೇ ಇದ್ದವು. ಅವಕ್ಕೆ ಮಾತು ಬರುವುದಿಲ್ಲ ಎಂದು ಆಗ ತಿಳಿಯಿತು. ನನಗೆ ಕೊಟ್ಟಿಗೆಯ ಎಮ್ಮೆ ನೆನಪಾಯಿತು. ಬಾಲ ತುಳಿದದ್ದಕ್ಕೆ ಅದಕ್ಕೆ ಸಿಕ್ಕಷ್ಟು ಮರ್ಯಾದೆ, ಹುಟ್ಟಿದಂದಿನಿಂದ ನನ್ನನ್ನು ಬಲ್ಲ ಅಕ್ಕನಿಗೆ ನನ್ನಿಂದ ಸಿಕ್ಕಿರಲಿಲ್ಲ. ಮಾರ್ತಾ ಅದರ ಮುಂದೆ ಬಗ್ಗಿದ್ದ ಹಾಗೆಯೇ ನಾನು ಅಕ್ಕನ ಎದುರು ನೆಲಕ್ಕೆ ಕೂತೆ. ಕಾಳಿನ ಮೇಲಿದ್ದ ಅವಳ ಕೈ ಹಿಡಿದೆ. ಮುದುಕಿಗೂ ಕೇಳುವ ಹಾಗೆ ಹೇಳಿದೆ:

“ಅಕ್ಕಾ, ನಾ ಬರಬೇಕಾಗಿತ್ತು, ಬರಲಿಲ್ಲ. ನಂದು ತಪ್ಪಾಗ್ಯಾದ, ಮಾಫ್ ಮಾಡು.”