‘ಹೊರಗಿದ್ದೇನೆ’ ಎಂದವಳ ಮೊದಲ ದಿನ

ಬೆಳಗಿನ ಆರೂವರೆ. ಅಡಿಲೇಡ್‌ನ ಸ್ಯಾಲಿಸ್‌ಬರಿಯ ಪುಟ್ಟ ಕ್ಲಿನಿಕ್ಕಿನಲ್ಲಿ ಬಂಜೆತನ ಚಿಕಿತ್ಸೆಯ ಡಾಕ್ಟರ್ ಸುಭದ್ರಾ ಸ್ಕ್ಯಾನಿಂಗ್ ಯಂತ್ರದ ಮುಂದೆ ಕೈ ಉಜ್ಜಿಕೊಳ್ಳುತ್ತ ಕೂತಿದ್ದಾರೆ. ಒಂಬತ್ತರೊಳಗೆ ಹದಿನಾಲ್ಕು ಹೆಂಗಸರನ್ನು ನೋಡಬೇಕು. ಆಮೇಲೆ ಎಲ್ಲರೂ ಕೆಲಸಕ್ಕೆ ಓಡುವವರೇ. ಆದರೆ ಡಾಕ್ಟರ ಕಣ್ಣು ಪಟ್ಟಿಯ ಮೊದಲ ಹೆಸರಿನಿಂದ ಕದಲುತ್ತಿಲ್ಲ. ಹಂಸಾ, ನಲವತ್ತೆರಡು ವರ್ಷ. ಇದೇ ಕೊನೆಯ ಪ್ರಯತ್ನ ಎಂದು ಗಂಡಹೆಂಡತಿ ತೀರ್ಮಾನಿಸಿಬಿಟ್ಟಿದ್ದಾರೆ. ಇಂಜೆಕ್ಷನ್ನಿಗೆ ಅಂಡಾಣು ಬೆಳೆದಿದೆಯೋ ಇಲ್ಲವೋ, ಇವತ್ತು ತಿಳಿಯಬೇಕು.

ಈ ಚಡಪಡಿಕೆಗೆ ಕಾರಣವಿದೆ. ಮುಟ್ಟಾದ ಮೊದಲ ದಿನವೇ ಕ್ಲಿನಿಕ್ಕಿಗೆ ಫೋನ್ ಮಾಡಬೇಕು. ಚಿಕಿತ್ಸೆ ಶುರುವಾಗುವುದೇ ಅಲ್ಲಿಂದ. ಹೋದ ತಿಂಗಳು ಹಂಸಾ ಮಾಡಿದ್ದರು. ಕಾರಿನಲ್ಲಿ ಪಕ್ಕದಲ್ಲೇ ಮಾವ! ನಾಚಿಕೊಂಡು, ಮನೆಯ ಮಾತನ್ನೇ ಇಂಗ್ಲಿಷಿಗೆ ತಿರುಗಿಸಿ, “ಐ ಆ್ಯಮ್ ಔಟ್‌ಸೈಡ್” ಎಂದರು. ಫೋನ್ ಎತ್ತಿದ ರಿಸೆಪ್ಷನಿಸ್ಟ್ ಟ್ರೇಸಿ, “ನೋ ವರೀಸ್, ಒಳಗೆ ಬಂದ ಮೇಲೆ ಮಾಡಿ” ಎಂದಳು. ಹಂಸಾ ಐದನೆಯ ದಿನ ತಲೆಗೆ ನೀರು ಹಾಕಿಕೊಂಡು ಫೋನ್ ಮಾಡಿದರು. ಆ ತಿಂಗಳು ಕೈತಪ್ಪಿಹೋಯಿತು.

“ಮೈಸೂರಿನ ಮನೇಲಿ ನಾನೂ ಹಾಗೇ ಅಂತಿದ್ದೆ. ಆದ್ರೂ ಟ್ರೇಸಿಗೆ ಹೇಳ್ಕೊಡ್ಬೇಕು ಅಂತ ಹೊಳೀಲೇ ಇಲ್ಲ ನೋಡಿ. ಈ ವಯಸ್ಸಲ್ಲಿ ಒಂದೊಂದು ತಿಂಗಳೂ ಅಮೂಲ್ಯ,” ಎನ್ನುತ್ತಾರೆ ಡಾಕ್ಟರ್.

ಹೊರದೇಶದ ಡಾಕ್ಟರುಗಳಿಗೆ ಇಡುವ ಪರೀಕ್ಷೆಯಲ್ಲಿ ಪರ್ತ್‌ನಲ್ಲಿ ಎರಡು ಸಲ ಫೇಲಾಗಿ, ಮೂರನೆಯ ಸಲ ಪಾಸಾದವರು ಅವರು. ಬ್ರಿಸ್ಬೇನ್‌ನ ದೊಡ್ಡ ಕ್ಲಿನಿಕ್ಕಿನಲ್ಲಿ ಕೆಲಸ ಕಲಿತರು. ಅಲ್ಲಿಗೆ ಎಯ್ಟ್ ಮೈಲ್ ಪ್ಲೇನ್ಸ್ ಬಡಾವಣೆಯ ಸಾಫ್ಟ್‌ವೇರ್ ದಂಪತಿಗಳು ಬರುತ್ತಿದ್ದರು. ಆಫೀಸು ಗುಡಿಸುವವರು ಬರುತ್ತಿರಲಿಲ್ಲ. ಅದು ಮನಸ್ಸಿಗೆ ಚುಚ್ಚಿ, 2014ರಲ್ಲಿ ಇಲ್ಲಿ ಬಾಗಿಲು ತೆರೆದರು. ತಾತ್ಕಾಲಿಕ ವೀಸಾದವರಿಗೂ ಚಿಕಿತ್ಸೆ ಸಿಗಲಿ, ಬೆಳಗ್ಗೆ ಏಳಕ್ಕೇ ದುಭಾಷಿ ಸಿಗಲಿ ಎಂದು ಮೂರು ವರ್ಷದಲ್ಲಿ ಸರ್ಕಾರಕ್ಕೆ ಹದಿನೇಳು ಪತ್ರ ಬರೆದಿದ್ದಾರೆ. ಉತ್ತರ ಬಂದದ್ದು ಒಂದಕ್ಕೆ. “ಅದೂ ಪತ್ರ ತಲುಪಿದೆ ಅಂತ!” ಎಂದು ನಗುತ್ತಾರೆ.

ಹಂಸಾ ಬಂದು ಮಲಗುತ್ತಾರೆ. ಪರದೆಯ ಮೇಲೆ ಡಾಕ್ಟರ ಕಣ್ಣು ಹುಡುಕುತ್ತದೆ.

“ಮೇಡಂ, ಏನಾದ್ರೂ ಮಾತಾಡಿ. ಭಯ ಆಗ್ತಿದೆ.”

“ಇರಿ, ಹಂಸಾ... ಒಂದು ಇದೆ.”

“ಒಂದೇನಾ?”

“ಒಂದೇ. ಚೆನ್ನಾಗಿ ಬೆಳೆದಿದೆ. ಸೋಮವಾರ ಹೊರಗೆ ತೆಗೆಯೋಣ. ಆಮೇಲಿನದು ನನ್ನ ಕೈಲಿಲ್ಲಮ್ಮ.”

ಹಂಸಾ ಕಣ್ಣೊರೆಸಿಕೊಳ್ಳುತ್ತಾರೆ. ಡಾಕ್ಟರ್ ಸೋಮವಾರದ ಪಟ್ಟಿಯಲ್ಲಿ ಅವರ ಹೆಸರನ್ನೇ ಮೊದಲು ಬರೆಯುತ್ತಾರೆ.

ನಿಮಗೇನು ಆಸೆ ಎಂದು ಡಾಕ್ಟರನ್ನು ಕೇಳಿದರೆ, “ಫೋನ್ ಎತ್ತೋರು ಇನ್ನೊಂದು ಪ್ರಶ್ನೆ ಕೇಳ್ಬೇಕು, ಅಷ್ಟೇ,” ಎನ್ನುತ್ತಾರೆ.

ಅಷ್ಟರಲ್ಲಿ ಹೊರಗೆ ಫೋನ್ ಬಡಿದುಕೊಳ್ಳುತ್ತದೆ. ಮೇಜಿಗೆ ಡಾಕ್ಟರ್ ಅಂಟಿಸಿದ ಚೀಟಿಯಲ್ಲಿ ಹೊರಗೆ, ದೂರ, ತಲೆಸ್ನಾನ ಎಂಬ ಮಾತುಗಳೆಲ್ಲ ಇಂಗ್ಲಿಷ್ ಅಕ್ಷರದಲ್ಲಿ, ಅರ್ಥದ ಸಮೇತ ಇವೆ. ಟ್ರೇಸಿ ಅದರ ಮೇಲೆ ಬೆರಳಿಟ್ಟು ಕೇಳುತ್ತಾಳೆ:

“ಔಟ್‌ಸೈಡ್? ಯಾವತ್ತಿನಿಂದ, ಡಾರ್ಲ್?”