ಕ್ಯಾಪ್ಸೂಲಿನ ಸಿಪ್ಪೆ

ನಮ್ಮ ವಂಶದಲ್ಲಿ ಎಸ್ಸೆಸ್ಸೆಲ್ಸಿ ದಾಟಿದವಳು ನಾನೊಬ್ಬಳೇ. ಕಡಲೆಕಾಯಿ ಬಿಡಿಸಿದ ಕೂಲಿಯಲ್ಲಿ ಬಿ.ಎಸ್ಸಿ., ಬಿ.ಎಡ್. ಮುಗಿಸಿ, ಈಗ ಮಧುಗಿರಿಯ ಒಂದು ಖಾಸಗಿ ಹೈಸ್ಕೂಲಿನಲ್ಲಿ ವಿಜ್ಞಾನದ ಮೇಡಂ ಆಗಿದ್ದೇನೆ. ಜಂಬಕ್ಕೇ ಹೇಳುತ್ತಿದ್ದೇನೆ. ಮುಂದೆ ಬರುವ ಪೆದ್ದುತನ ಓದಿದವಳದು ಎಂದು ಗೊತ್ತಿರಲಿ.

ಖಿನ್ನತೆಗೆಂದು ತುಮಕೂರಿನ ಡಾಕ್ಟರಮ್ಮ ಬರೆದುಕೊಟ್ಟ ಕ್ಯಾಪ್ಸೂಲನ್ನು ಒಂದೂವರೆ ವರ್ಷ ದಿನಾ ಬೆಳಿಗ್ಗೆ ನುಂಗುತ್ತಿದ್ದೆ. ಹಾಸಿಗೆ ಬಿಟ್ಟು ಏಳುವುದು, ತಲೆ ಬಾಚುವುದು, ಪಾಠ ಮಾಡುವುದು ಮತ್ತೆ ಸಾಧ್ಯವಾಗಿದ್ದು ಅದರಿಂದಲೇ.

ದೊಡ್ಡಪ್ಪನ ಕಣ್ಣಿನ ಆಪರೇಷನ್ನಿಗೆಂದು ದೊಡ್ಡೇರಿಯಿಂದ ಅವರೂ ದೊಡ್ಡಮ್ಮನೂ ಬಂದು ನಮ್ಮ ಮನೆಯಲ್ಲೇ ಉಳಿದರು. ದೊಡ್ಡಪ್ಪ ಮೊಬೈಲಿನಲ್ಲಿ ಒಂದು ವಿಡಿಯೋ ತೋರಿಸಿದರು: ಕ್ಯಾಪ್ಸೂಲಿನ ಸಿಪ್ಪೆಯನ್ನು ದನದ ಮೂಳೆಯಿಂದ ಮಾಡುತ್ತಾರಂತೆ.

"ಲಿಂಗ ಕಟ್ಕಂಡಿರೋ ಮೈ ಕಣಮ್ಮ ಇದು. ದಿನಾ ಎದ್ದು ಮೂಳೆ ನುಂಗ್ತೀಯಲ್ಲ, ಇನ್ನೇನು ಓದ್ದೆ ನೀನು?"

"ನಮಗೂ ಬೇಜಾರಾಗ್ತೈತೆ. ಮಾತ್ರೆ ಮಾತ್ರ ಮೇಡಮ್ಮೋರಿಗೇ ಬೇಕು," ಎಂದಳು ದೊಡ್ಡಮ್ಮ.

ಡಾಕ್ಟರನ್ನು ಒಂದು ಮಾತು ಕೇಳಿದ್ದರೆ ಮುಗಿಯುತ್ತಿತ್ತು. ಕೇಳಲಿಲ್ಲ. ಡಿಗ್ರಿ ಪಡೆದ ತಲೆಗೆ ಮಾತ್ರೆಯ ಆಸರೆ ಬೇಕೆಂಬುದೇ ನನಗೆ ಅವಮಾನವಾಗಿತ್ತು. ಬಿಡಲು ನೆಪ ಹುಡುಕುತ್ತಿದ್ದವಳಿಗೆ ಮೂಳೆ ಸಿಕ್ಕಿತು. ಮಾರನೇ ದಿನದಿಂದಲೇ ನಿಲ್ಲಿಸಿದೆ.

ಮೂರನೇ ದಿನ, ಬೋರ್ಡಿನಿಂದ ಮಕ್ಕಳ ಕಡೆ ಕಣ್ಣು ಹೊರಳಿಸಿದರೆ ತಲೆಯೊಳಗೆ ಕರೆಂಟು ಹೊಡೆದಂತಾಯಿತು. ಹೊಟ್ಟೆ ತೊಳಸಿತು. ಸಾರಿಗೆ ಉಪ್ಪು ಕಡಿಮೆಯಾಯಿತೆಂದು ಗಂಟೆಗಟ್ಟಲೆ ಅತ್ತೆ. ವಾರದೊಳಗೆ ಕ್ಲಾಸಿನಲ್ಲಿ ನಿಲ್ಲಲಾಗದೆ ರಜೆ ಹಾಕಿದೆ. ಹೀಗೇ ಮುಂದುವರಿದರೆ ಕೆಲಸ ಉಳಿಯುವುದಿಲ್ಲ ಎಂದು ಗೊತ್ತಿತ್ತು.

"ವಿಷ ಈಚೆಗೆ ಬರ್ತಾ ಐತೆ, ತಡ್ಕಾ," ಎಂದರು ದೊಡ್ಡಪ್ಪ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟವರಿಗೆ ಎಂಥಾ ಖಾತ್ರಿ.

ಉಪಾಯ ಹೊಳೆದದ್ದು ದೊಡ್ಡಮ್ಮನಿಗೆ. "ಸಿಪ್ಪೆ ತಾನೇ ಮೈಲಿಗೆ? ಸುಲ್ದು ಬಿಸಾಕಿ ಒಳಗಿಂದು ಕೊಡಾನ ಬುಡು."

ಕ್ಯಾಪ್ಸೂಲಿನೊಳಗೆ ಸಾಸಿವೆಗಿಂತ ಸಣ್ಣ ಕಾಳುಗಳಿದ್ದವು. ಅವನ್ನು ಕುಟ್ಟಾಣಿಯಲ್ಲಿ ನುಣ್ಣಗೆ ಅರೆದು, ಜೇನುತುಪ್ಪದಲ್ಲಿ ಕಲಸಿ, ಕೂಸಿಗೆ ನೆಕ್ಕಿಸುವ ಹಾಗೆ ಬೆರಳಿನಿಂದ ನೆಕ್ಕಿಸಿದಳು. ಇಡೀ ದಿನ ಮೆಲ್ಲಗೆ ಕರಗಲೆಂದು ಮಾಡಿದ ಕಾಳುಗಳು ಅವು. ಪುಡಿ ಮಾಡಿದರೆ ಎಲ್ಲ ಒಮ್ಮೆಗೇ ಮೈಗೇರುತ್ತದೆ. ವಿಜ್ಞಾನದ ಮೇಡಂಗೆ ಗೊತ್ತಿರಬೇಕಾದ ಸಂಗತಿ. ವಿಜ್ಞಾನದ ಮೇಡಂ ಬಾಯಿ ತೆರೆದಳು. ಮಧ್ಯಾಹ್ನದವರೆಗೆ ಬಚ್ಚಲಲ್ಲಿ ವಾಂತಿ, ನಡುಕ.

"ನೋಡ್ದಾ, ಈಚೆಗೆ ಬಂತು," ಎಂದರು ದೊಡ್ಡಪ್ಪ, ಬಾಗಿಲ ಆಚೆಯಿಂದ.

ಮಾರನೇ ದಿನ ತುಮಕೂರಿನ ಬಸ್ಸು ಹತ್ತಿದೆ. ಡಾಕ್ಟರಮ್ಮ ಎಲ್ಲ ಕೇಳಿಸಿಕೊಂಡು, "ನಿಲ್ಸು ಅಂತ ಯಾರಮ್ಮ ಹೇಳಿದ್ದು?" ಎಂದರು. ದೊಡ್ಡಪ್ಪನ ಮೇಲೆ ಹಾಕಲು ನಾಲಿಗೆ ಎದ್ದಿತ್ತು.

"ನಾನೇ," ಎಂದೆ.

"ಬಿಡಬಹುದು. ಆದ್ರೆ ನನ್ನ ಕೇಳ್ಕೊಂಡು, ತಿಂಗಳುಗಟ್ಟಲೆ ಸ್ವಲ್ಪ ಸ್ವಲ್ಪ ಇಳಿಸ್ಬೇಕು. ಇದೇ ಔಷಧಿ ಸಿಪ್ಪೆ ಇಲ್ದಿರೋ ಮಾತ್ರೆಯಲ್ಲೂ ಬರುತ್ತೆ. ಕೇಳಿದ್ರೆ ಬರ್ಕೊಡ್ತಿದ್ದೆ."

ಮಾತ್ರೆಯನ್ನೇ ಬರೆಸಿಕೊಂಡು ಮತ್ತೆ ಶುರು ಮಾಡಿದೆ. ತಿಂಗಳುಗಳ ನಂತರ ಈಗ ಅರ್ಧ ಡೋಸಿಗೆ ಇಳಿದಿದ್ದೇನೆ. ಇಳಿಸಿದ ವಾರ ತಲೆಯಲ್ಲಿ ಸಣ್ಣಗೆ ಕರೆಂಟು ಹೊಡೆಯುತ್ತದೆ, ಆಗ ಕುರ್ಚಿ ಎಳೆದುಕೊಂಡು ಕೂತೇ ಪಾಠ ಮಾಡುತ್ತೇನೆ. ಮೊನ್ನೆ ಹೆಡ್‌ಮಾಸ್ಟರು ಬಾಗಿಲಲ್ಲಿ ಇಣುಕಿದರು.

"ಯಾಕ್ ಮೇಡಂ, ಕೂತ್ಬುಟ್ರಿ?"

"ಡಿಪ್ರೆಶನ್ ಮಾತ್ರೆ ಕಮ್ಮಿ ಮಾಡ್ತಿದ್ದೀನಿ ಸಾರ್," ಎಂದೆ, ಕ್ಲಾಸಿಗೆಲ್ಲ ಕೇಳುವ ಹಾಗೆ.

ಅವರು ಕೈಗಡಿಯಾರ ನೋಡಿಕೊಂಡು ಹೊರಟುಹೋದರು. ನಾನು ಪಾಠ ಮುಂದುವರಿಸಿದೆ.